ಮೇಲವಂಕಿಯ ದಂಡೆಯ ಕಲ್ಲುಗಳು

ಗೋಕಾಕ
೧೪ ನವೆಂಬರ್ ೧೯೪೨

ಪ್ರೊಫೆಸರ್ ಸೋಮಪ್ಪನವರಿಗೆ,

ನನ್ನ ಪರಿಚಯ ನಿಮಗಿಲ್ಲ. ನಿಮ್ಮ ವಿದ್ಯಾರ್ಥಿ ರಾಚಪ್ಪನ ಅಕ್ಕ ನಾನು. ಇಲ್ಲಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಶಿಕ್ಷಕಿ. ಇನ್‌ಫ್ಲುಯೆಂಜಾ ಬಂದ ವರ್ಷ ನಮ್ಮ ತಂದೆ ತಾಯಿ ಇಬ್ಬರೂ ಹೋದಾಗ ರಾಚಪ್ಪ ಇನ್ನೂ ಅಂಬೆಗಾಲಿಡುತ್ತಿದ್ದ. ನಾನೂ ಚಿಕ್ಕವಳೇ, ಆದರೆ ಅವನಿಗೆ ಬೇರೆ ಯಾರೂ ಇರಲಿಲ್ಲ. ಗಂಡ ತೀರಿಕೊಂಡ ಮೇಲೆ ನನಗೂ ಅವನನ್ನು ಬಿಟ್ಟರೆ ಯಾರೂ ಇಲ್ಲ.

ಮಂಗಳವಾರ ಶಾಲೆ ಬಿಡುವ ಹೊತ್ತಿಗೆ ಮೇಲವಂಕಿಯ ಮಾಳಪ್ಪ ಬಂದ. ಕುರಿ ಕಾಯುವವನು. ರಾಚಪ್ಪ ಹೊಳೆಯ ದಂಡೆಯಲ್ಲಿ ಕೆಲಸ ಮಾಡುವಾಗ ಅವನ ಮನೆಯಲ್ಲೇ ಉಂಡು ಮಲಗುತ್ತಿದ್ದದ್ದು. ಬಾಗಿಲ ಹೊರಗೇ ನಿಂತು ಹೇಳಿದ: "ಅಕ್ಕೋರ, ಎದಿ ಗಟ್ಟಿ ಮಾಡ್ಕೋರಿ. ರಾಚಪ್ಪನ್ನ ಹಿಡ್ಕೊಂಡ ಹೋದ್ರು. ಹೊಳಿ ದಂಡ್ಯಾಗ ಕುಂತು ಕಲ್ಲ ಒರಸಾಕತ್ತಿದ್ದ. ಫೌಜದಾರ ಬಂದು 'ಹಾರಿ ಯಾಕ, ಹಗ್ಗ ಯಾಕ' ಅಂದ. ಇಂವ ನಗಕೋತ 'ಗರಸಿನ ಕಲ್ಲ ಅಗಿಯಾಕ್ರಿ' ಅಂದ. ನಗಬಾರದಿತ್ರಿ."

ಹೋದ ತಿಂಗಳು ಹೊಳೆಯಾಚೆಯ ರಸ್ತೆಯಲ್ಲಿ ಯಾರೋ ತಂತಿ ಕಂಬಗಳನ್ನು ಕೆಡವಿ ತಂತಿ ಕಡಿದಿದ್ದಾರೆ. ಆ ಸುತ್ತಿನ ಹಳ್ಳಿಗಳಲ್ಲಿ ಹೊರಗಿನಿಂದ ಬಂದು ಇದ್ದವನು ರಾಚಪ್ಪ ಒಬ್ಬನೇ. ಹಾರೆ, ಹಗ್ಗ, ನಕಾಶೆ, ದಿಕ್ಸೂಚಿ ಎಲ್ಲ ಅವನ ಹತ್ತಿರ ಸಿಕ್ಕಿವೆ. ಇಷ್ಟು ಸಾಕಾಗಿದೆ.

ಅವನು ಅದನ್ನು ಮಾಡಿಲ್ಲ. ಲಕ್ಷಾಂತರ ವರ್ಷಗಳ ಹಿಂದೆ ಇದೇ ಘಟಪ್ರಭೆಯ ದಂಡೆಯಲ್ಲಿ ಬದುಕಿದ್ದ ಮನುಷ್ಯರು ಒಡೆದು ಮಾಡಿದ ಕಲ್ಲಿನ ಹತಾರಗಳನ್ನು ಅವನು ಹುಡುಕುತ್ತಿದ್ದ. ಠಾಣೆಗೆ ಹೋಗಿ ನಾನು ಹಾಗೆಂದರೆ ಫೌಜದಾರರು ನಕ್ಕರು. "ಅಕ್ಕೋರ, ಕಲ್ಲಿನ ಸಲುವಾಗಿ ಯಾವ ಶಾಣ್ಯಾ ಪುಣೆದಿಂದ ಇಲ್ಲಿತನಕ ಬರ್ತಾನ?" ಎಂದರು.

ಅದಕ್ಕೆ ಉತ್ತರ ನೀವೊಬ್ಬರೇ ಕೊಡಬಲ್ಲಿರಿ. ಬಂದು ಹೇಳಿ. ಮೂಲತಃ ಹುಕ್ಕೇರಿಯವರಂತೆ ನೀವು, ರಾಚಪ್ಪ ಹೇಳುತ್ತಿದ್ದ. ಈ ಕಡೆಯ ಜನರ ಹೊಟ್ಟೆಯ ಸಂಕಟ ನಿಮಗೆ ತಿಳಿಯುತ್ತದೆ ಎಂಬ ಧೈರ್ಯದ ಮೇಲೆ ಬರೆದಿದ್ದೇನೆ.

ನಿಮ್ಮ ದಾರಿ ಕಾಯುವ
ಗೌರಕ್ಕ


ಪುಣೆ
೨೬ ನವೆಂಬರ್ ೧೯೪೨

ಶ್ರೀಮತಿ ಗೌರಕ್ಕನವರಿಗೆ,

ನಿಮ್ಮ ಪತ್ರ ಬಂದು ಕೆಲವು ದಿನಗಳಾದವು. ಉತ್ತರ ತಡವಾದದ್ದಕ್ಕೆ ಕ್ಷಮಿಸಬೇಕು. ರಾಚಪ್ಪ ನನ್ನ ವಿದ್ಯಾರ್ಥಿಗಳಲ್ಲಿ ಎಲ್ಲರಿಗಿಂತ ಮುಂದೆ ಇದ್ದವನು. ಅವನಿಗೆ ಹೀಗಾಗಿದೆ ಎಂದು ಕೇಳಿ ಬಹಳ ವ್ಯಥೆಯಾಯಿತು.

ಆದರೆ ನನ್ನ ಪರಿಸ್ಥಿತಿಯನ್ನೂ ತಾವು ಗಮನಿಸಬೇಕು. ಮನುಷ್ಯ ಎಲ್ಲಿಂದ ಬಂದ, ಬರಹ ಹುಟ್ಟುವ ಮೊದಲು ಹೇಗೆ ಬದುಕಿದ ಎಂಬುದನ್ನು ನೆಲದಿಂದ ಓದಿ ತಿಳಿಯುವ ವಿದ್ಯೆ ಇದು. ನಮ್ಮಲ್ಲಿ ಇದನ್ನು ಕಲಿಸುವ ವಿಭಾಗ ತೆರೆದು ಬಹಳ ವರ್ಷಗಳಾಗಿಲ್ಲ. ವಿದ್ಯಾರ್ಥಿಗಳನ್ನು ಹೊಳೆಗಳ ದಂಡೆಗೆ ಕರೆದೊಯ್ದು ತಯಾರು ಮಾಡುವುದೆಲ್ಲ ಸರ್ಕಾರದ ನೆರವಿನಿಂದ. ಮಾರ್ಚಿನಲ್ಲಿ ಆ ನೆರವು ಮತ್ತೆ ಮಂಜೂರಾಗಬೇಕು. ಈಗ ನಾನು ಆರೋಪಿಯ ಪರವಾಗಿ ಕಟಕಟೆ ಹತ್ತಿದರೆ, ಇಲ್ಲಿಯ ಉಳಿದ ಹುಡುಗರ ಗತಿ ಏನಾಗುತ್ತದೆ ಎಂದು ಯೋಚಿಸಿ. ಅದೂ ಅಲ್ಲದೆ, ಆ ಕಡೆ ಚಳವಳಿಯ ಗಲಭೆ ಇದೆ, ಕೂಡಲೇ ಹಿಂದಿರುಗು ಎಂದು ನಾನು ಅಕ್ಟೋಬರಿನಲ್ಲೇ ಅವನಿಗೆ ಹೇಳಿ ಕಳಿಸಿದ್ದೆ. ಅವನು ಬರಲಿಲ್ಲ.

ಅಧಿಕಾರಿಗಳಿಗೆ ಒಂದು ಮಾತು ಬರೆಯಲು ಸಾಧ್ಯವೇ ಎಂದು ವಿಚಾರಿಸುತ್ತಿದ್ದೇನೆ.

ಇನ್ನೊಂದು ವಿನಂತಿ. ಪೊಲೀಸರು ವಶಪಡಿಸಿಕೊಂಡ ಗೋಣಿಚೀಲಗಳಲ್ಲಿ ಕೈಗೊಡಲಿಗಳಿವೆ. ಅಂಗೈಯಲ್ಲಿ ಹಿಡಿದು ಬಳಸುತ್ತಿದ್ದ, ಎರಡೂ ಮೈ ಚಕ್ಕೆ ಎಬ್ಬಿಸಿದ ಕಲ್ಲುಗಳು ಅವು. ಯಾವ ಪದರದಲ್ಲಿ ಸಿಕ್ಕಿತೆಂದು ಪ್ರತಿಯೊಂದರ ಮೇಲೂ ಶಾಯಿಯ ಗುರುತಿದೆ. ನೀರು ತಾಗಿದರೆ ಅಳಿಸಿಹೋಗುತ್ತದೆ. ಆ ಚೀಲಗಳನ್ನು ಒಣ ಜಾಗದಲ್ಲಿ ಇಡುವಂತೆ ಠಾಣೆಯಲ್ಲಿ ಹೇಳಿ ನೋಡಬಹುದೇ?

ತಮ್ಮ ಹಿತೈಷಿ
ಸೋಮಪ್ಪ


ಗೋಕಾಕ
೯ ಡಿಸೆಂಬರ್ ೧೯೪೨

ಪ್ರೊಫೆಸರ್ ಸಾಹೇಬರೇ,

ಈ ಪತ್ರವನ್ನು ಟಪಾಲಿಗೆ ಹಾಕಿಲ್ಲ. ಕಂಬಳಿ ಮಾರಲು ಪುಣೆಗೆ ಹೊರಟ ಕರೆಪ್ಪ ತಂದು ನಿಮ್ಮ ಕೈಗೇ ಕೊಡುತ್ತಾನೆ. ಓದಿ ಒಲೆಗೆ ಹಾಕಿ.

ನಿಮ್ಮ ಕಲ್ಲುಗಳು ಒಣ ಜಾಗದಲ್ಲಿವೆ. ಠಾಣೆಯ ಹಿಂಬದಿ, ಕಟ್ಟಿಗೆ ಒಟ್ಟುವ ಕೋಣೆಯಲ್ಲಿ. ನನ್ನ ತಮ್ಮ ಇರುವ ಜಾಗ ಒಣ ಜಾಗವಲ್ಲ. ಗೋಡೆಯಿಂದ ನೀರು ಜಿನುಗುತ್ತದೆ. ಅದನ್ನು ನೀವು ಕೇಳಲಿಲ್ಲ, ಆದರೂ ಬರೆದಿದ್ದೇನೆ.

ಹೋದ ವಾರ ಅವನನ್ನು ನೋಡಲು ಬಿಟ್ಟರು. ನಡುವೆ ಸರಳು. ಪೊಲೀಸಪ್ಪ ಬೀಡಿ ಹಚ್ಚಲು ಆಚೆ ತಿರುಗಿದಾಗ ರಾಚಪ್ಪ ಸರಳಿಗೆ ಮುಖ ಹಚ್ಚಿ, "ಅಕ್ಕಾ, ನಿನಗ ಸುಳ್ಳ ಹೇಳಾಕ ಬರೂದಿಲ್ಲ ನನಗ. ತಂತಿ ಕಡದಾಂವ ನಾನ. ಯಾರ ಯಾರ ಕೂಡಿ ಅಂತ ಕೇಳಬ್ಯಾಡ" ಎಂದ.

"ಯಾಕೋ? ನೀ ಕಲ್ಲ ಹುಡಕಾಕ ಬಂದಾಂವ ಅಲ್ಲೇನ?" ಎಂದೆ.

"ಹೌದು, ಕಲ್ಲ ಹುಡಕಾಕ ಬಂದೆ. ಮ್ಯಾಲಿನ ರಸ್ತಾದಾಗ ಪೊಲೀಸ್ರು ಊರ ಮಂದಿನ್ನ ಹಗ್ಗಾ ಕಟ್ಟಿ ಒಯ್ಯಾಕತ್ತಿದ್ರು. ಕೆಳಗ ತೆಗ್ಗಿನ್ಯಾಗ ಕುಂತು ಎಷ್ಟ ದಿನಾ ಅಂತ ಕಲ್ಲ ಒರಸೂದು?" ಎಂದ. ಆಮೇಲೆ ಅವನು ಕೇಳಿದ್ದು ಇದು: "ಜನೇವರಿಗೆ ಗುರುಗಳು ಹುಡುಗೂರನ್ನ ಕರ್ಕೊಂಡ ಬರ್ತಾರೇನ? ದಂಡಿ ತೋರಸಾಕ ಯಾರದಾರ ಅವರಿಗೆ?"

ಅವನು ಮಾಡಿಲ್ಲ ಎಂದು ಹಿಂದಿನ ಪತ್ರದಲ್ಲಿ ಬರೆದಿದ್ದೆ. ಇನ್ನು ಬರೆಯಲಾರೆ. ಆದರೂ ಕೇಳುತ್ತೇನೆ, ಬನ್ನಿ. ಅವನು ನಿಮ್ಮ ಮಾತಿನಂತೆ ಅಲ್ಲಿ ಉಳಿದಿದ್ದ, ಹಗಲೆಲ್ಲ ನಿಮ್ಮ ಕೆಲಸವನ್ನೇ ಮಾಡುತ್ತಿದ್ದ ಎಂದು ಹೇಳಿ. ಏನು ಕೇಳುತ್ತಿದ್ದೇನೆಂದು ನನಗೆ ಗೊತ್ತಿದೆ. ಶಾಲೆಯಲ್ಲಿ ಮಕ್ಕಳಿಗೆ ಸತ್ಯವನ್ನೇ ನುಡಿಯಿರಿ ಎಂದು ಹೇಳಿಕೊಡುವವಳು ನಾನು.

ಭಾನುವಾರ ಹುಕ್ಕೇರಿಗೆ ಹೋಗಿದ್ದೆ, ನಿಮ್ಮ ತಾಯಿಯ ಹತ್ತಿರ. ಇದ್ದಿಲ ಗ್ಯಾಸಿನ ಬಸ್ಸು ಏರಿನಲ್ಲಿ ಎರಡು ಕಡೆ ನಿಂತಿತು. ಎಲ್ಲರೂ ಇಳಿದು ನೂಕಿದೆವು. ಶಿವವ್ವನವರು ಪಡಸಾಲೆಯಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದರು. ನಾನು ಎಲ್ಲವನ್ನೂ ಹೇಳಿದೆ. ರಾಚಪ್ಪ ಒಪ್ಪಿಕೊಂಡದ್ದನ್ನೂ ಹೇಳಿದೆ. ಅವರು ಬಹಳ ಹೊತ್ತು ಕೈಯಾಡಿಸುತ್ತಲೇ ಇದ್ದರು.

"ನನ್ನ ಮಗಾ ಕೆಟ್ಟಾಂವ ಅಲ್ಲವಾ. ಅಂಜಬುರುಕ. ಸಣ್ಣಾಂವಿದ್ದಾಗ ಬಾವ್ಯಾಗ ಇಣುಕಾಕ ಸೈತ ಅಂಜತಿದ್ದ. ನಾ ಕರದ್ರ ಬರ್ತಾನ. ಆದ್ರ ಬಂದು ಸುಳ್ಳ ಹೇಳಪಾ ಅಂತ ನನ್ನ ಬಾಯಿಲೆ ಹ್ಯಾಂಗ ಹೇಳ್ಲಿ?" ಎಂದರು.

ನಾನು ಅವರ ಕಾಲು ಹಿಡಿದುಕೊಂಡೆ. ಬಿಡಲಿಲ್ಲ. ನಾನು ಹೀಗೆ ಯಾರ ಕಾಲನ್ನೂ ಹಿಡಿದವಳಲ್ಲ.

ಕೊನೆಗೆ ಮೊರ ಕೆಳಗಿಟ್ಟು, "ಏಳ. ನನಗ ಬರಿಯಾಕ ಬರೂದಿಲ್ಲ. ನೀನ ಬರಿ, ನಿಮ್ಮವ್ವ ಕರದಾಳ ಅಂತ. ಇಷ್ಟ ಬರಿ. ಮುಂದಿಂದು ಅವನಿಗೆ ಬಿಡು" ಎಂದರು.

ಅವರು ಹೇಳಿದಷ್ಟನ್ನೇ ಬರೆಯುತ್ತೇನೆ. ನಿಮ್ಮ ತಾಯಿ ಕರೆದಿದ್ದಾರೆ.

ಗೌರಕ್ಕ


ಪುಣೆ
೪ ಜನವರಿ ೧೯೪೩

ಗೌರಕ್ಕನವರೇ,

ಕರೆಪ್ಪ ನಿಮ್ಮ ಪತ್ರ ಕೊಟ್ಟ. ಅವನು ಎದುರಿಗೆ ಕುಳಿತಿರುವಾಗಲೇ ಓದಿದೆ. ಓದಿದ ಮೇಲೆ ಅವನಿಗೆ ಚಹಾ ಕೊಡಬೇಕೆಂಬುದೂ ಮರೆತುಹೋಯಿತು. ಈ ಉತ್ತರವನ್ನೂ ಅವನ ಕೈಯಲ್ಲೇ ಕೊಟ್ಟಿದ್ದೇನೆ.

ಕಲ್ಲುಗಳ ಬಗ್ಗೆ ನಾನು ಬರೆದದ್ದು ನಿಮಗೆಷ್ಟು ಚುಚ್ಚಿರಬೇಕೆಂದು ಈಗ ತಿಳಿಯುತ್ತಿದೆ. ಅದಕ್ಕೆ ಸಮಜಾಯಿಷಿ ಕೊಡುವುದಿಲ್ಲ. ನನಗೆ ಮನುಷ್ಯರ ಜೊತೆ ಮಾತನಾಡಲು ಬೇರೆ ವಿಷಯ ಗೊತ್ತಿಲ್ಲ.

ನಿಮ್ಮ ತಮ್ಮನ ಬಗ್ಗೆ ಒಂದು ಮಾತು ಹೇಳಬೇಕು. ಅವನು ಬರುವ ಮೊದಲು ನನ್ನ ವಿದ್ಯಾರ್ಥಿಗಳು ನಾನು ತೋರಿಸಿದ್ದನ್ನು ನೋಡುತ್ತಿದ್ದರು. ರಾಚಪ್ಪ ನಾನು ತೋರಿಸದೆ ಬಿಟ್ಟದ್ದನ್ನು ನೋಡಿದ. ಮೇಲವಂಕಿಯ ದಂಡೆಯಲ್ಲಿ ಹಳದಿ ಮಣ್ಣಿನ ಕೆಳಗೆ ಗಟ್ಟಿಗಟ್ಟಿದ ಗರಸಿನ, ಅಂದರೆ ಹೊಳೆಯ ಸಣ್ಣ ಕಲ್ಲುಗಳ, ಪದರವಿದೆ ಎಂದು ಕಂಡುಹಿಡಿದವನು ಅವನೇ. ಹತಾರಗಳು ಆ ಪದರದೊಳಗೆ ಹುದುಗಿರುವುದರಿಂದ ಅವು ಹೊಳೆಯಷ್ಟೇ ಹಳೆಯವು ಎಂದು ವಾದಿಸಲು ನಮಗೆ ಆಧಾರ ಸಿಕ್ಕಿತು. ಅಂಥವನನ್ನು ತಯಾರು ಮಾಡುವುದಕ್ಕಲ್ಲದೆ ಈ ವಿಭಾಗ ಯಾಕೆ?

ವಿಚಾರಣೆಯ ದಿನ ತಿಳಿಸಿ. ಬರುತ್ತೇನೆ. ಏನು ಹೇಳುತ್ತೇನೆಂದು ಈಗಲೇ ಕೇಳಬೇಡಿ. ನನಗೂ ಗೊತ್ತಿಲ್ಲ.

ಸೋಮಪ್ಪ


ಗೋಕಾಕ
೨೧ ಫೆಬ್ರುವರಿ ೧೯೪೩

ಪ್ರೊಫೆಸರ್ ಸಾಹೇಬರೇ,

ನೀವು ಕೋರ್ಟಿನಿಂದ ನೇರವಾಗಿ ಸ್ಟೇಷನ್ನಿಗೆ ಹೋದಿರಿ. ಹಿಂದೆ ಓಡಿಬಂದೆ, ಟಾಂಗಾ ಹೊರಟುಹೋಗಿತ್ತು. ಅಂದು ನೀವು ತಲೆ ತಗ್ಗಿಸಿಯೇ ಇದ್ದಿರಿ. ರಾಚಪ್ಪನ ಮುಖವನ್ನು ನೀವು ನೋಡಲಿಲ್ಲ. ನಾನು ನೋಡಿದೆ. ಅದಕ್ಕೇ ಮತ್ತೆ ಕರೆಪ್ಪನ ಕೈಯಲ್ಲಿ ಬರೆದು ಕಳಿಸುತ್ತಿದ್ದೇನೆ.

ಅವನು ನಿಮ್ಮ ಮಾತಿನಂತೆಯೇ ಅಲ್ಲಿ ಉಳಿದಿದ್ದ ಎಂದು ನೀವು ಹೇಳಿದಾಗ ಅವನು ಕಣ್ಣು ಮುಚ್ಚಿಕೊಂಡ. ಅಷ್ಟಕ್ಕೇ ನಿಲ್ಲಿಸುತ್ತೀರಿ ಎಂದುಕೊಂಡಿದ್ದೆ. ಸರ್ಕಾರಿ ವಕೀಲರು, "ಕಂಬ ಬಿದ್ದ ಸಂಜಿ ಅವನು ಎಲ್ಲಿದ್ದ ಅಂತ ಪುಣೆದಾಗ ಕುಂತ ನಿಮಗ ಹ್ಯಾಂಗ ಗೊತ್ತು?" ಎಂದು ಕೇಳಿದರು. ನೀವು ಕಟಕಟೆಯ ಕಟ್ಟಿಗೆಯನ್ನು ಎರಡೂ ಕೈಯಿಂದ ಹಿಡಿದುಕೊಂಡು, "ಆ ಸಂಜಿ ನಾನೂ ಅಲ್ಲೇ ಇದ್ದೆ. ನನ್ನ ಬಾಜೂಕ ಕುಂತಿದ್ದ" ಎಂದಿರಿ.

ನಿಮ್ಮಿಂದ ನಾನು ಇಷ್ಟನ್ನು ಕೇಳಿರಲಿಲ್ಲ. ಹುಕ್ಕೇರಿಯ ಆ ತಾಯಿ ಹೇಳಿದ ಅಂಜಬುರುಕ ಇವರೇನಾ ಎನಿಸಿತು. ಆಗ ವಕೀಲರು ನಕ್ಕು, "ಹಂಗಾದ್ರ ಆ ದಿನಾ ಪುಣೆದಾಗ ನೀವು ಪಾಠ ಮಾಡೀರೋ ಇಲ್ಲೋ ಅಂತ ಇವತ್ತ ತಾರ್ ಮಾಡಿ ಕೇಳೂಣು" ಎಂದರು.

ಆಗಲೇ ರಾಚಪ್ಪ ಎದ್ದು ನಿಂತದ್ದು. "ಸಾಹೇಬ್ರ, ಗುರುಗಳಿಗೆ ದಿನಾ ಅದಲಬದಲ ನೆನಪಾಗೇತ್ರಿ. ಅವರು ಬಂದಿದ್ದು ಅದರ ಹಿಂದಿನ ತಿಂಗಳ. ಅವರಿಗೇನೂ ಗೊತ್ತಿಲ್ಲ. ತಂತಿ ಕಡದಾಂವ ನಾನು. ಒಬ್ಬನ ಕಡದೇನಿ" ಎಂದ. ಹೇಳುವಾಗ ಅವನು ನಿಮ್ಮನ್ನೇ ನೋಡುತ್ತಿದ್ದ. ಜಾತ್ರೆಯಲ್ಲಿ ಕಳೆದುಹೋಗಿ ಮತ್ತೆ ಸಿಕ್ಕ ಮಗುವನ್ನು ದೊಡ್ಡವರು ನೋಡುತ್ತಾರಲ್ಲ, ಹಾಗೆ.

ಮೂರು ವರ್ಷ ಕಠಿಣ ಸಜೆ.

ಯಾರ ಮೇಲೆ ಸಿಟ್ಟಾಗಬೇಕು ನಾನು? ನಿಮ್ಮ ಮೇಲೆ ಆಗಲಾರೆ. ಅವನ ಮೇಲೆ ಆಗಿದ್ದೇನೆ. ನಿಮ್ಮನ್ನು ಉಳಿಸಲು ಅವನು ನನ್ನನ್ನು ಬಿಟ್ಟುಕೊಟ್ಟ. ಶಾಲೆಯಲ್ಲಿ ಹಾಜರಿ ಕೂಗುವಾಗ ಯಾವ ಮಗುವಿನ ಹೆಸರಿನವರೆಗೆ ಬಂದೆನೆಂದು ಮರೆಯುತ್ತೇನೆ.

ಇನ್ನು ನನಗೆ ಬರೆಯಬೇಡಿ.

ಗೌರಕ್ಕ


ಜೈಲಿನಿಂದ
೧೧ ಏಪ್ರಿಲ್ ೧೯೪೩

ಪ್ರೀತಿಯ ಅಕ್ಕನಿಗೆ ರಾಚಪ್ಪನ ನಮಸ್ಕಾರ.

ತಿಂಗಳಿಗೆ ಒಂದೇ ಪತ್ರ, ಒಂದೇ ಹಾಳೆ. ಜೈಲರ್ ಸಾಹೇಬರು ಓದಿ ಕಳಿಸುತ್ತಾರೆ. ನೀನು ಉತ್ತರ ಬರೆದಿಲ್ಲ. ಬರೆಯುವುದಿಲ್ಲವೆಂದು ಗೊತ್ತು. ಚಿಕ್ಕವನಿದ್ದಾಗ ನಾನು ತಪ್ಪು ಮಾಡಿದರೆ ನೀನು ಹೊಡೆಯುತ್ತಿರಲಿಲ್ಲ, ಮಾತು ಬಿಡುತ್ತಿದ್ದೆ.

ಅಕ್ಕಾ, ನಾನು ಮಾಡಿದ್ದಕ್ಕೆ ನಾನು ಇಲ್ಲಿದ್ದೇನೆ. ಅದು ನ್ಯಾಯ. ನನ್ನ ಸಲುವಾಗಿ ಇನ್ನೊಬ್ಬರು ಇಲ್ಲಿಗೆ ಬಂದಿದ್ದರೆ ಅದು ನ್ಯಾಯವಾಗುತ್ತಿರಲಿಲ್ಲ. ಅವರಿಗೆ ವಯಸ್ಸಾಗಿದೆ. ಅವರು ಕೆಳಗೆ ಬಿದ್ದರೆ ನಮ್ಮ ಹಿಂದೆ ಬರುವ ಹುಡುಗರಿಗೆ ಈ ವಿದ್ಯೆ ಕಲಿಸುವವರಿಲ್ಲ. ಇಲ್ಲಿ ಜಲ್ಲಿ ಒಡೆಯುವ ಕೆಲಸ ಕೊಟ್ಟಿದ್ದಾರೆ. ಕೆಲಸ ಭಾರವೇನಲ್ಲ, ಆದರೆ ಎದೆಯಲ್ಲಿ ಧೂಳು ಕೂರುತ್ತದೆ.

ಒಂದೇ ಮಾತು ಬೇಡುತ್ತೇನೆ. ಅವರು ವಿದ್ಯಾರ್ಥಿಗಳನ್ನು ಕರೆದುಕೊಂಡು ಹೊಳೆಗೆ ಬಂದರೆ ಈಗ ಯಾವ ಊರಿನವರೂ ಜಾಗ ಕೊಡುವುದಿಲ್ಲ. ನನ್ನ ಹೆಸರು ಕೇಳಿದರೆ ಬಾಗಿಲು ಹಾಕಿಕೊಳ್ಳುತ್ತಾರೆ. ನೀನು ಕೊಡು. ನನಗಾಗಿ ಅಲ್ಲ.

ನಿನ್ನ ತಮ್ಮ
ರಾಚಪ್ಪ


ಪುಣೆ
೨ ಡಿಸೆಂಬರ್ ೧೯೪೩

ಗೌರಕ್ಕನವರಿಗೆ,

ಬರೆಯಬೇಡಿ ಎಂದಿದ್ದಿರಿ. ಇಷ್ಟು ತಿಂಗಳು ಆ ಮಾತು ಉಳಿಸಿಕೊಂಡೆ. ಈಗ ಬೇರೆ ದಾರಿ ಕಾಣದೆ ಮುರಿಯುತ್ತಿದ್ದೇನೆ.

ಸರ್ಕಾರದ ನೆರವು ನಿಂತುಹೋಯಿತು. ಕಾರಣ ಯಾರೂ ಬಾಯಿಬಿಟ್ಟು ಹೇಳಲಿಲ್ಲ, ನಾನೂ ಕೇಳಲಿಲ್ಲ. ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಬೇರೆ ವಿಷಯಗಳಿಗೆ ಹೋದರು. ಮೂವರು ಉಳಿದಿದ್ದಾರೆ. ಅವರಲ್ಲಿ ಅಣ್ಣಾಸಾಹೇಬ ಎಂಬ ನಿಪ್ಪಾಣಿಯ ಕಡೆಯ ಹುಡುಗ ಗಟ್ಟಿಗ, ಆದರೆ ನೆಲದ ಮೇಲೆ ಕೂತು ಒಂದು ದಂಡೆಯನ್ನೂ ಓದಿದವನಲ್ಲ. ಪುಸ್ತಕ ಓದಿ ಈ ವಿದ್ಯೆ ಬರುವುದಿಲ್ಲ. ಈ ಚಳಿಗಾಲ ಅವರನ್ನು ಹೊಳೆಗೆ ಇಳಿಸದಿದ್ದರೆ ವಿಭಾಗ ಮುಚ್ಚಿದಂತೆಯೇ.

ಮೇಲವಂಕಿಯಲ್ಲಿ ಜಾಗಕ್ಕಾಗಿ ಕೇಳಿಸಿದೆ, ಕುಲಗೋಡದಲ್ಲಿ ಕೇಳಿಸಿದೆ, ಮೂಡಲಗಿಯ ಪರಿಚಯಸ್ಥರಿಗೆ ಬರೆದೆ. ಮಾಳಪ್ಪ ಒಪ್ಪಿದ್ದ, ಆದರೆ ಪೊಲೀಸ ಪಾಟೀಲರು ಅವನನ್ನು ಚಾವಡಿಗೆ ಕರೆಸಿ ಹೆದರಿಸಿದ್ದಾರೆ. ನನ್ನ ತಾಯಿ ಆಷಾಢದಲ್ಲಿ ಲಿಂಗೈಕ್ಯರಾದರು. ಹುಕ್ಕೇರಿಯ ಮನೆ ಈಗ ಅಣ್ಣತಮ್ಮಂದಿರದು. ಅವರಿಗೂ ಭಯ.

ನಿಮ್ಮ ಮನೆಯಲ್ಲಿ ಆ ಮೂವರಿಗೆ ಒಂದು ತಿಂಗಳ ಮಟ್ಟಿಗೆ ನೆರಳು ಕೊಡುವಿರಾ? ಕೇಳುವ ಮುಖ ನನಗಿಲ್ಲ. ಆದರೂ ಕೇಳಿದ್ದೇನೆ.

ಸೋಮಪ್ಪ


ಗೋಕಾಕ
೧೯ ಡಿಸೆಂಬರ್ ೧೯೪೩

ಪ್ರೊಫೆಸರ್ ಸಾಹೇಬರೇ,

ಶಿವವ್ವನವರು ಹೋದರೆಂದು ತಿಳಿದು ಅಂದು ನಾನು ಒಲೆ ಹಚ್ಚಲಿಲ್ಲ.

ಅವರಿಗೆ ನೆರಳು ಕೊಡುತ್ತೇನೆ, ಆದರೆ ಒಂದು ಷರತ್ತಿನ ಮೇಲೆ. ಇದನ್ನು ವ್ಯಾಪಾರ ಎನ್ನಿ, ಏನೆಂದರೂ ಸರಿ.

ಹೋದ ಸೋಮವಾರ ಜೈಲಿಗೆ ಹೋಗಿದ್ದೆ. ರಾಚಪ್ಪನ ಹೆಗಲ ಮೂಳೆ ಅಂಗಿಯ ಮೇಲೆ ಎದ್ದು ಕಾಣುತ್ತಿದೆ. ಮಾತಿನ ನಡುವೆ ಕೆಮ್ಮಿ, ಒರೆಸಿಕೊಂಡ ಬಟ್ಟೆಯನ್ನು ಮುಷ್ಟಿಯಲ್ಲಿ ಮುಚ್ಚಿಟ್ಟುಕೊಂಡ. ಕೆಂಪು ನನಗೆ ಕಂಡಿತು. ಜೈಲಿನ ಡಾಕ್ಟರರು ಹೊರಗೆ ಕರೆದು, "ತಂಗಿ, ಕ್ಷಯ ಐತಿ. ಇಲ್ಲೇ ಇದ್ರ ಬ್ಯಾಸಗಿ ಕಾಣೂದಿಲ್ಲ. ತಪ್ಪಾತು, ಇನ್ನ ಮುಂದ ಚಳವಳಿಗೆ ಹೋಗೂದಿಲ್ಲ ಅಂತ ಮುಚ್ಚಳಿಕಿ ಬರದ ಸಹಿ ಮಾಡಿದ್ರ ಬಿಡ್ತಾರ. ಬಾಳ ಮಂದಿ ಮಾಡ್ಯಾರ" ಎಂದರು.

ನಾನು ಬೇಡಿಕೊಂಡೆ. ಅತ್ತೆ. ಸರಳಿಗೆ ಹಣೆ ಬಡಿದುಕೊಂಡೆ. ಅವನು, "ಅಕ್ಕಾ, ತಪ್ಪಾತು ಅಂತ ಹ್ಯಾಂಗ ಬರೀಲಿ? ತಪ್ಪ ಅಂತ ನನಗ ಅನಸವಲ್ದು" ಎಂದ.

ಅವನು ನನ್ನ ಮಾತು ಕೇಳುವುದಿಲ್ಲ. ನಿಮ್ಮ ಮಾತು ಕೇಳುತ್ತಾನೆ. ನೀವು ಬರೆಯಿರಿ. ಅವನು ಸಹಿ ಮಾಡಿ ಮನೆಗೆ ಬಂದ ದಿನ ನಿಮ್ಮ ಹುಡುಗರು ಬರಲಿ. ಮೂವರಲ್ಲ, ಹತ್ತು ಮಂದಿ ಬಂದರೂ ರೊಟ್ಟಿ ಬಡಿದು ಹಾಕುತ್ತೇನೆ. ಶಾಲೆಯವರು ನನ್ನನ್ನು ಕೆಲಸದಿಂದ ತೆಗೆದರೆ ತೆಗೆಯಲಿ. ಅವನು ಬರದಿದ್ದರೆ ನನ್ನ ಬಾಗಿಲಿಗೆ ಯಾರೂ ಬರಬೇಡಿ.

ಗೌರಕ್ಕ


ಪುಣೆ
೫ ಜನವರಿ ೧೯೪೪

ಪ್ರಿಯ ರಾಚಪ್ಪ,

ಇದು ನಾನು ನಿನಗೆ ಬರೆಯುತ್ತಿರುವ ಅತಿ ಕಠಿಣವಾದ ಪತ್ರ. ನಾಲ್ಕು ಸಲ ಬರೆಯಲು ಕುಳಿತು ಎದ್ದೆ.

ಮುಚ್ಚಳಿಕೆಗೆ ಸಹಿ ಮಾಡು.

ನೀನು ಮಾಡಿದ್ದು ತಪ್ಪು ಎಂದು ನಾನು ಹೇಳುತ್ತಿಲ್ಲ. ಅದನ್ನು ತೂಗುವ ಯೋಗ್ಯತೆ ನನಗಿಲ್ಲ. ಕಟಕಟೆಯಲ್ಲಿ ನಿಂತಾಗ, ನಾನು ಜೀವಮಾನವೆಲ್ಲ ಕಾಪಾಡಿಕೊಂಡು ಬಂದ ಹೆಸರು ಎಷ್ಟು ಹಗುರದ ವಸ್ತು ಎಂದು ತಿಳಿಯಿತು. ಅದು ಹೋದರೆ ಮನುಷ್ಯ ಸಾಯುವುದಿಲ್ಲ. ಕ್ಷಯದಿಂದ ಸಾಯುತ್ತಾನೆ.

ಹೋದ ಮಳೆಗಾಲದ ನೆರೆಯಲ್ಲಿ ಮೇಲವಂಕಿಯ ದಂಡೆ ಕುಸಿದಿದೆ ಎಂದು ಮಾಳಪ್ಪ ಹೇಳಿ ಕಳಿಸಿದ್ದಾನೆ. ಠಾಣೆಯಲ್ಲಿದ್ದ ಚೀಲಗಳನ್ನು ಯಾರೋ ರಸ್ತೆಯ ಗುಂಡಿಗೆ ಸುರಿದರಂತೆ. ಇನ್ನು ಯಾವ ಕಲ್ಲು ಯಾವ ಪದರದಿಂದ ಬಂತು ಎಂಬುದು ನಿನ್ನ ತಲೆಯೊಳಗೆ ಮಾತ್ರ ಇದೆ. ನೀನು ಅಲ್ಲಿ ಸತ್ತರೆ ಅದೂ ಸತ್ತಂತೆ. ಈ ಮೂವರು ಹುಡುಗರಿಗೆ ನಾನು ಏನನ್ನು ತೋರಿಸಲಿ? ಬರಿಗೈಯನ್ನೇ?

ನಿನ್ನ ಅಕ್ಕ ಹುಕ್ಕೇರಿಗೆ ಹೋಗಿ ನನ್ನ ತಾಯಿಯ ಕಾಲು ಹಿಡಿದಿದ್ದರು. ನ್ಯಾಯವಾಗಿ ನಾನು ಈಗ ನಿನ್ನ ಕಾಲು ಹಿಡಿಯಬೇಕು. ಹಿಡಿದಿದ್ದೇನೆಂದು ತಿಳಿ. ಸಹಿ ಮಾಡಿದ ಮೇಲೆ ನೀನು ನನ್ನ ಮುಖ ನೋಡದಿದ್ದರೂ ಸರಿ. ನೀನು ಕರೆಯುವವರೆಗೆ ನಾನು ನಿನ್ನೆದುರು ಬರುವುದಿಲ್ಲ.

ನಿನ್ನ
ಸೋಮಪ್ಪ


ಗೋಕಾಕ
೨೬ ಮಾರ್ಚ್ ೧೯೪೪

ಪ್ರೊಫೆಸರ್ ಸಾಹೇಬರೇ,

ಅಣ್ಣಾಸಾಹೇಬ ನಿಮಗೆ ಆಗಾಗ ಬರೆಯುತ್ತಾನೆಂದು ಗೊತ್ತು. ಆದರೂ ಅವನು ಬರೆಯದ ಸಂಗತಿಗಳಿವೆ.

ರಾಚಪ್ಪ ಮಹಾಶಿವರಾತ್ರಿಗೆ ಮೊದಲೇ ಮನೆಗೆ ಬಂದ. ಕರೆಪ್ಪ ಮತ್ತು ಮಾಳಪ್ಪ ಗಾಡಿಯಿಂದ ಎತ್ತಿ ಇಳಿಸಿದರು. ಹೊಸ್ತಿಲು ದಾಟುವಾಗ ನಾನು ಕೈ ಹಿಡಿಯಲು ಹೋದರೆ ಕೊಸರಿಕೊಂಡ. ಪಡಸಾಲೆಯಲ್ಲಿ ಬಿಸಿಲು ಬರುವ ಕಡೆ ಹೊರಸು ಹಾಕಿಕೊಟ್ಟೆ. ಗೋಡೆಗೆ ಮುಖ ಮಾಡಿ ಮಲಗಿದವನು ತಿರುಗಲಿಲ್ಲ. ಗಂಜಿ ಕೊಟ್ಟರೆ ಕುಡಿದ, ಔಷಧ ಕೊಟ್ಟರೆ ತೆಗೆದುಕೊಂಡ. ಮಾತಿಲ್ಲ. ಓಣಿಯ ಶೆಟ್ಟೆವ್ವ ನೋಡಲು ಬಂದು, "ಸಹಿ ಮಾಡಿ ಬಂದನಂತಲ್ಲವಾ?" ಎಂದು ಸಹಜವಾಗಿಯೇ ಕೇಳಿದಳು. ಅವನ ಬೆನ್ನು ಬಿಗಿದದ್ದು ನಾನು ನೋಡಿದೆ. ನಾನು ಅವನನ್ನು ಬದುಕಿಸಲು ಹೋಗಿ ಏನು ಮಾಡಿದೆ ಎಂದು ಎಷ್ಟೋ ಸಲ ಅನಿಸಿತು. ಜೈಲಿನಲ್ಲಿ ಸರಳಿನಾಚೆ ಇದ್ದಾಗಲಾದರೂ ಅಕ್ಕಾ ಎನ್ನುತ್ತಿದ್ದ.

ನಿಮ್ಮ ಹುಡುಗರು ಬಂದರು. ಒಳ್ಳೆಯವರು. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೋಗಿ ಸಂಜೆ ಮಣ್ಣಾಗಿ ಬರುತ್ತಾರೆ. ರೋಗಿ ಇರುವ ಮನೆಯೆಂದು ಪಿಸುಮಾತಿನಲ್ಲೇ ಮಾತನಾಡುತ್ತಾರೆ. ಫೌಜದಾರರು ಎರಡು ಸಲ ಬಂದು ಅವರ ಚೀಲ ತಡಕಾಡಿ ಹೋದರು. ಶಾಲೆಯಿಂದ ನನಗೆ ನೋಟೀಸು ಬಂದಿದೆ. ಅದಿರಲಿ.

ನಿನ್ನೆ ಮಧ್ಯಾಹ್ನ ಅಂಗಳದಲ್ಲಿ ಗೋಣಿತಟ್ಟು ಹಾಸಿ ಕಲ್ಲು ಹರಡಿಕೊಂಡಿದ್ದರು. ಜಗಳ ಹತ್ತಿತು. ಅಣ್ಣಾಸಾಹೇಬ ಒಂದು ಕೆಂಪು ಕಲ್ಲು ಹಿಡಿದು ಇದು ಕೈಗೊಡಲಿಯೇ ಎಂದ, ಉಳಿದ ಇಬ್ಬರು ಅಲ್ಲವೆಂದರು. ಪಿಸುಮಾತು ಮರೆತುಹೋಗಿ ಕೂಗಾಟವಾಯಿತು. ಕಡೆಗೆ ಅಣ್ಣಾಸಾಹೇಬ ಸಿಟ್ಟಿನಿಂದ ಎದ್ದು ಸೀದಾ ಪಡಸಾಲೆಗೆ ಬಂದ. ಒಳಗೆ ನಾನು ರೊಟ್ಟಿ ಬಡಿಯುತ್ತಿದ್ದವಳು, ಬೇಡ ಎಂದು ಕೈ ಮಾಡಿದೆ. ಅವನು ನೋಡಲಿಲ್ಲ. ಹೊರಸಿನ ಬಳಿ ಕುಕ್ಕರಗಾಲಲ್ಲಿ ಕುಳಿತು, "ಅಣ್ಣಾ, ನೀವ ಹೇಳ್ರಿ. ಇದನ್ನ ಮನಷ್ಯಾ ಒಡದಾನೋ, ಹೊಳಿ ಒಡದೈತೋ?" ಎಂದ.

ಹುಡುಗ ಕೂತೇ ಇದ್ದ. ಹೆಂಚಿನ ಮೇಲಿನ ರೊಟ್ಟಿ ಸೀಯುತ್ತಿದ್ದರೂ ನಾನು ತಿರುವಿ ಹಾಕಲಿಲ್ಲ. ಎಷ್ಟೋ ಹೊತ್ತಿನ ಮೇಲೆ ರಾಚಪ್ಪನ ಕೈ ಹಿಂದಕ್ಕೆ ಚಾಚಿತು. ತಿರುಗದೆಯೇ ಕಲ್ಲನ್ನು ತೆಗೆದುಕೊಂಡು ಅಂಚಿನ ಮೇಲೆ ಹೆಬ್ಬೆರಳು ಆಡಿಸಿದ.

"ಹೊಳಿ" ಎಂದ.

ಅಣ್ಣಾಸಾಹೇಬ ಓಡಿಹೋಗಿ ಇನ್ನೊಂದು ತಂದ. "ಇದು?"

"ಹೊಳಿ. ಉಳ್ಳ್ಯಾಡಿ ಒಡದೈತಿ. ಚಕ್ಕಿ ನೋಡ, ಯಾಕಡೆ ಬೇಕಾದಾಕಡೆ ಎದ್ದಾವ."

ಮೂರನೆಯದನ್ನು ಕೈಯಲ್ಲಿಟ್ಟಾಗ ಅವನು ಗೋಡೆ ಹಿಡಿದು, ಮೊಳಕೈ ಊರಿ, ತಾನಾಗಿಯೇ ಎದ್ದು ಕುಳಿತ. ಬೆಳಕಿಗೆ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡಿದ. "ಇದು ಎಲ್ಲಿ ಸಿಕ್ತೋ?" ಎಂದು ಕೇಳಿದ. ದಂಡೆ ಕುಸಿದಲ್ಲಿ, ಹಳದಿ ಮಣ್ಣಿನ ಕೆಳಗೆ, ಗರಸಿನಲ್ಲಿ ಅರ್ಧ ಹೂತಿತ್ತು ಎಂದು ಹುಡುಗ ಹೇಳುತ್ತಿರುವಾಗಲೇ ಕೆಮ್ಮು ಬಂತು. ಬಟ್ಟೆ ಕೆಂಪಾಯಿತು. ಕಲ್ಲನ್ನು ಮಾತ್ರ ಬಿಡಲಿಲ್ಲ. ಉಸಿರು ಹಿಡಿತಕ್ಕೆ ಬಂದ ಮೇಲೆ, "ಅಕ್ಕಾ, ಒಂದೀಟ ನೀರ ಕೊಡ" ಎಂದ.

ಕೊಟ್ಟೆ. ಕುಡಿದ. ಲೋಟ ತಿರುಗಿ ಕೊಡುವಾಗ ನನ್ನ ಮುಖ ನೋಡಿದ.

ಇಲ್ಲಿಯ ಡಾಕ್ಟರರು ಮಳೆಗಾಲ ಹಿಡಿಯುವವರೆಗೆ ಬದುಕಿದರೆ ಹೆಚ್ಚು ಎಂದಿದ್ದಾರೆ. ಹೊರಸಿನಿಂದ ಇಳಿಸಬೇಡಿ, ಅಲುಗಾಡಿಸಬೇಡಿ ಎಂದಿದ್ದಾರೆ. ನಿನ್ನೆ ಸಂಜೆ ರಾಚಪ್ಪ, ಕುಸಿದ ದಂಡೆಯನ್ನು ಹುಡುಗರಿಗೆ ಒಮ್ಮೆ ತಾನೇ ತೋರಿಸಬೇಕು, ಗುರುಗಳೂ ಇರಲಿ ಎಂದ. ಕರೆಯುವವರೆಗೆ ಬರುವುದಿಲ್ಲ ಎಂದು ನೀವು ಅವನಿಗೆ ಬರೆದಿದ್ದಿರಂತೆ. ಈಗ ಕರೆದಿದ್ದಾನೆ. ಸಿಕ್ಕಿದ ರೈಲು ಹತ್ತಿ ಬನ್ನಿ.

ಗಾಡಿಯಲ್ಲಿ ಹುಲ್ಲು ಹಾಸಿ ತರಲು ಮಾಳಪ್ಪನಿಗೆ ಹೇಳಿ ಕಳಿಸಿದ್ದೇನೆ. ಡಾಕ್ಟರರನ್ನು ಕೇಳಿಲ್ಲ.

ಗೌರಕ್ಕ